ಲಿಗೋರಿ ಅಜ್ಜನ ಗದ್ದುಗಿ

ಹಾಳು ಬಾವಿ ದಾಟಿ ಹತ್ತು ಹೆಜ್ಜೆ ಬಂದಿರಬೇಕು... ಹಿಂದೆ ಯಾರೋ ನಡೆದು ಬರುತ್ತಿದ್ದಾರೆ ಅನ್ನೋದು ಜಗದೇವಪ್ಪನಿಗೆ ತಿಳಿಯಿತು.

ಚಪ್ಪಲಿ ಸಪ್ಪಳ ಅಲ್ಲ. ಬರಿಗಾಲು. ಒಣ ಮಣ್ಣಿನ ಮೇಲೆ ಅಂಗಾಲು ಬಿದ್ದರೆ ಬರ್ತದಲ್ಲ, ಆ ಸಪ್ಪಳ. ಥಪ್... ಥಪ್... ಅವಸರ ಇಲ್ಲ. ಇವನು ನಿಂತ. ಅದೂ ನಿಂತಿತು. ಇವನು ನಡೆದ. ಥಪ್... ಥಪ್...

ಜಗದೇವಪ್ಪ ಯಾರು ಅಂತ ಮೊದಲೇ ಹೇಳಿಬಿಡಬೇಕು, ಇಲ್ಲಂದ್ರೆ ಯಾವನೋ ಪುಕ್ಕಲನ ಕತೆ ಅಂತ ತಿಳಿದೀರಿ. ಅವನು ನಮ್ಮ ಖಾಸಾ ಕಾಕಾನ ಮಗ. ಕ್ವಿಂಟಲ್ ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದವನು. ಇಡೀ ಅಫಜಲಪುರ ತಾಲೂಕಿನಲ್ಲಿ ಆ ವರ್ಷ ಅದನ್ನು ಮಾಡಿದವರು ಇಬ್ಬರೇ, ಅದರಲ್ಲೂ ಇನ್ನೊಬ್ಬನ ಎರಡು ಹಲ್ಲು ಚೀಲದಲ್ಲೇ ಉಳಿದವು. ನಮ್ಮ ಮನೆತನದಲ್ಲಿ ಹೆದರುವ ರಕ್ತವೇ ಇಲ್ಲ, ಬೇಕಾದವರನ್ನು ಕೇಳಿ ನೋಡಿ. ಆದರೂ ಆ ರಾತ್ರಿ ಜಗದೇವಪ್ಪ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ... ಜೋರಾಗಿ ನಡೆದ, ಅಷ್ಟೇ.

ತಿರುಗಿ ನೋಡದೇ ಇರೋದಕ್ಕೆ ಕಾರಣ ಅವನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ತೊಗರಿ ಕಟ್ಟಿಗೆ. ಗೇಣಿಗಿಂತ ಎರಡು ಬೆರಳು ಉದ್ದ. ಎರಡೂ ತುದಿ ಕಚ್ಚಿ ಸಮ ಮಾಡಿದ್ದು. ಅದು ಒಬ್ಬ ಮನುಷ್ಯನ ಪಾದದ ಅಳತೆ. ಆ ಮನುಷ್ಯನಿಗೆ ತೆಗ್ಗು ತೋಡಲು ತಂದ ಅಳತೆ.

ಆ ಮನುಷ್ಯ ಇನ್ನೂ ಬದುಕಿದ್ದ.

ಇದು ಎಂಬತ್ತಾರನೇ ಇಸವಿಯ ಬ್ಯಾಸಗಿಯಲ್ಲಿ ಆದದ್ದು. ಊರಿನ ಹೆಸರು ಹೇಳೋದಿಲ್ಲ. ಮಣ್ಣೂರಿನಿಂದ ಭೀಮಾ ದಂಡೆ ಹಿಡಿದು ಕೆಳಗೆ ಮೂರು ಮೈಲಿ ಹೋದರೆ ಸಿಗ್ತದೆ, ಅಷ್ಟು ಸಾಕು. ಆ ಮಂದಿಯ ಮಕ್ಕಳು ಇವತ್ತಿಗೂ ನಮ್ಮ ಜೊತೆ ಬೀಗತನ ಮಾಡ್ತಾರೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡ್ತೀವಿ. ತೆಗ್ಗು ತೋಡುವಾಗ ಟೇಪು, ಮೊಳ ಯಾವುದೂ ನಡೆಯೋದಿಲ್ಲ. ಸತ್ತವನ ಪಾದವೇ ಅಳತೆ. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ, ಗೋಡೆಯಲ್ಲಿ ಕೂಡಿಸುವುದಕ್ಕೆ ಒಂದು ಗೂಡು. ಸಾದಾ ಮನುಷ್ಯನಾದರೆ ಮಣ್ಣು ಮುಚ್ಚಿ ಮನೆಗೆ ಬರ್ತೀವಿ. ಶರಣನಾದರೆ ಮೇಲೆ ಕಟ್ಟೆ ಕಟ್ಟಿ ದೀಪ ಇಡ್ತೀವಿ. ಅದು ಗದ್ದುಗಿ. ಗದ್ದುಗಿ ಇದ್ದ ಊರಿಗೆ ಹಗಲೂ ರಾತ್ರಿ ಕಾವಲು ಇದ್ದಂಗೆ.

ಆ ಊರಿಗೆ ಗದ್ದುಗಿ ಇರಲಿಲ್ಲ. ಶರಣ ಇದ್ದ.

ಅವನ ಹೆಸರು ಲಿಗೋರಿ. ಮಂಗಳೂರು ಕಡೆಯ ಕ್ರೈಸ್ತರ ಫಾದರ್. ಮೂರು ವರ್ಷದ ಹಿಂದೆ ಒಂದು ಬಿಳಿ ನಿಲುವಂಗಿ, ಒಂದು ಕೈಗಂಟೆ, ಎರಡು ಪುಸ್ತಕ ಹಿಡಿದುಕೊಂಡು ಬಂದು ನದಿ ದಂಡೆಯ ಹಾಳು ಮಂಟಪದಲ್ಲಿ ಕೂತುಬಿಟ್ಟಿದ್ದ. ಮೊದಲ ದಿನ ಊರವರಿಗೆ ಪುಸ್ತಕದ ಕನ್ನಡದಲ್ಲಿ, "ದಯವಿಟ್ಟು ನನ್ನನ್ನು ಏಕಾಂತದಲ್ಲಿ ಇರಲು ಬಿಡಿ" ಅಂದನಂತೆ. ಮನುಷ್ಯ ಒಬ್ಬನೇ ಹ್ಯಾಂಗ ಇರ್ತಾನೆ ಅಂತ ನೋಡೋದಕ್ಕೆ ಮರುದಿನ ನಲವತ್ತು ಮಂದಿ ಹೋದರು. ಅವನು ಬೈಯಲಿಲ್ಲ. ಸುಮ್ಮನೆ ಕೂತಿದ್ದ. ಸಂಜೆಗೆ ಎಲ್ಲರ ಜೊತೆ ಎರಡು ಮಾತಾಡಿ, ಕತ್ತಲಾದ ಮೇಲೆ ಬಾಯಿ ಮುಚ್ಚಿದರೆ ಮರುದಿನ ಸಂಜೆತನಕ ತೆರೆಯುತ್ತಿರಲಿಲ್ಲ. ನಸುಕಿನ ಮೂರಕ್ಕೆ ಗಂಟೆ ಬಾರಿಸುತ್ತಿದ್ದ. ಟಿಣ್... ಟಿಣ್... ದನ ಕರ ಸಹ ಅದಕ್ಕೆ ಏಳುವ ರೂಢಿ ಮಾಡಿಕೊಂಡಿದ್ದವು. ಯಾರಿಗೂ ನಮ್ಮ ಧರ್ಮಕ್ಕೆ ಬಾ ಅನ್ನಲಿಲ್ಲ. ಯಾರ ಹತ್ತಿರವೂ ಏನೂ ಬೇಡಲಿಲ್ಲ. ದಿನಕ್ಕೆ ಒಂದೂವರೆ ರೊಟ್ಟಿ, ಒಂದು ಉಳ್ಳಾಗಡ್ಡಿ. ಅದನ್ನು ಜಗದೇವಪ್ಪನ ಹೆಂಡತಿ ಸುಭದ್ರಾಬಾಯಿ ಬಡಿದು ಕೊಡುತ್ತಿದ್ದಳು, ಜಗದೇವಪ್ಪ ಒಯ್ದು ಕೊಡುತ್ತಿದ್ದ. ಬೇರೆಯವರ ಕೈಯಿಂದ ಅಜ್ಜ ತಗೊಳ್ಳುತ್ತಿರಲಿಲ್ಲ.

ರೊಟ್ಟಿ ಒಯ್ದವನು ತಾಸು ಹೊತ್ತು ಕೂಡುತ್ತಿದ್ದ. ಆಗ ಅಜ್ಜ ತನ್ನ ಮಠದ ಮೂಲಪುರುಷನ ಕತೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದ. ಸಂತ ರೊಮುವಾಲ್ಡ್. ಸಾವಿರ ವರ್ಷದ ಹಿಂದೆ ಇಟಲಿ ದೇಶದವನು. ಜಗದೇವಪ್ಪನ ನಾಲಿಗೆಗೆ ಆ ಹೆಸರು ತಿರುಗಲಿಲ್ಲ, ರೊಮಾಲಪ್ಪ ಅಂದ. ಅಜ್ಜ ನಕ್ಕು, ಅದೂ ಚಲೋ ಅದ ಅಂದ.

ರೊಮಾಲಪ್ಪ ದೊಡ್ಡ ಮನೆತನದ ಹುಡುಗನಂತೆ. ಹೊಲದ ಜಗಳದಲ್ಲಿ ಅವನ ಅಪ್ಪ ತನ್ನ ರಕ್ತಸಂಬಂಧಿಯನ್ನೇ ಇವನ ಕಣ್ಣೆದುರಿಗೆ ಕತ್ತಿಯಿಂದ ಕಡಿದುಹಾಕಿದ. ಕಡಿದವನು ಅಪ್ಪ, ನಲವತ್ತು ದಿನ ಉಪವಾಸ ಕೂತವನು ಮಗ. ಕೂತವನು ಮನೆಗೆ ಹೋಗಲೇ ಇಲ್ಲ. ಅಡವಿ ಸೇರಿದ. ಅವನು ಒಬ್ಬನೇ ಇರಬೇಕು ಅಂತ ಹೋದಲ್ಲೆಲ್ಲ ಮಂದಿ ಬೆನ್ನು ಹತ್ತಿದರು. ಬಂದವರಿಗೆ ದೂರದೂರ ಒಂದೊಂದು ಗುಡಿಸಲು ಹಾಕಿಸಿ, ಮಠ ಅಂತ ಆದಮೇಲೆ ಅದನ್ನು ಅವರಿಗೇ ಬಿಟ್ಟು ತಾನು ಮುಂದಿನ ಅಡವಿಗೆ ನಡೆಯುತ್ತಿದ್ದ. ಹೀಗೆ ಎಷ್ಟೋ ಕಡೆ. ಜಗದೇವಪ್ಪ ಕೇಳಿದನಂತೆ, ಬಿಟ್ಟು ಹೋಗುವಾಗ ಆ ಊರ ಮಂದಿ ಸುಮ್ಮನೆ ಬಿಡ್ತಿದ್ದರೇನು ಅಂತ. ಕತ್ತಲಾಗಿತ್ತು, ಅಜ್ಜ ಬಾಯಿ ಮುಚ್ಚಿದ.

ಈಗ ಕೂಸಿನ ಮಾತು.

ಜಗದೇವಪ್ಪ-ಸುಭದ್ರಾಬಾಯಿಗೆ ಮೂರು ಮಕ್ಕಳು ಹುಟ್ಟಿ ಮೂರೂ ಒಂದೊಂದು ವರ್ಷ ತುಂಬುವುದರೊಳಗೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಅಜ್ಜ ಊರಿಗೆ ಬಂದು ತಿಂಗಳಾಗಿತ್ತು. ಅದರ ಹಣೆ ಮುಟ್ಟಿ ಏನೋ ಪುಟುಪುಟು ಅಂದಿದ್ದ. ಅದು ಉಳಿಯಿತು. ನಿಂಬೆವ್ವ ಅಂತ ಹೆಸರಿಟ್ಟರು. ಮೂರು ವರ್ಷ ತುಂಬಿತು. ಅದೊಂದೇ ಅಲ್ಲ, ಆ ಮೂರು ವರ್ಷ ಊರಿನಲ್ಲಿ ಒಂದೂ ಕೂಸು ಮಣ್ಣಾಗಲಿಲ್ಲ, ನದಿ ಯಾರನ್ನೂ ಒಯ್ಯಲಿಲ್ಲ. ಅಜ್ಜ ತಲೆ ಅಲ್ಲಾಡಿಸಿ, ನಾನು ಮಾಡಿದ್ದಲ್ಲ ಅಂದರೆ ಯಾರು ಕೇಳ್ತಾರೆ. ಶರಣರು ಹಾಗೇ ಅನ್ನೋದು.

ಆ ವರ್ಷ ಹೋಳಿ ಆದಮೇಲೆ ನಿಂಬೆವ್ವನಿಗೆ ಜ್ವರ ಬಿಟ್ಟು ಬಿಟ್ಟು ಬರತೊಡಗಿತು. ಬಿಸಿಲು ಏರಿದಂತೆ ಕುತ್ತಿಗೆ ಕಟ್ಟಿಗೆಯಂತೆ ಸೆಟೆಯುವುದು, ಕಣ್ಣು ಮೇಲಕ್ಕೆ ಹೋಗುವುದು ಶುರುವಾಯಿತು. ಪ್ರತಿ ಸಂಜೆ ಜಗದೇವಪ್ಪ ಕೂಸನ್ನು ಎತ್ತಿಕೊಂಡು ಮಂಟಪಕ್ಕೆ ಓಡುತ್ತಿದ್ದ. ಪ್ರತಿ ಸಂಜೆ ಅಜ್ಜ, ಸೊಲ್ಲಾಪುರಕ್ಕೆ ಒಯ್ಯಿ, ದೊಡ್ಡ ದವಾಖಾನೆ ಅದ, ನಾ ಚೀಟಿ ಬರೆದು ಕೊಡ್ತೇನಿ ಅನ್ನುತ್ತಿದ್ದ. ಚೀಟಿಯನ್ನು ಸುಭದ್ರಾಬಾಯಿ ದೇವರ ಜಗಲಿ ಮೇಲೆ ಇಟ್ಟು ವಿಭೂತಿ ಹಚ್ಚಿದಳು. ಎಂಟು ದಿನದಲ್ಲಿ ಮೂರು ಚೀಟಿ ಆದವು.

ಶುಕ್ರವಾರ ಸಂಜೆ ಅಜ್ಜ ಬೇರೆಯದೇ ಮಾತು ಹೇಳಿದ. ಆಗಲೇ ಅವನು ನಮ್ಮ ಭಾಷೆ ಕಲಿತಿದ್ದ.

"ಸೋಮವಾರ ನಾ ಹೊಂಟೇನಿ, ಜಗದೇವಪ್ಪ."

"ಎಲ್ಲಿಗ್ರಿ?"

"ಎಲ್ಲಿಗಿ ಅಂತ ಇನ್ನಾ ಗೊತ್ತಿಲ್ಲ. ನಾ ಇಲ್ಲಿ ಇರೂತನಾ ನೀ ಬಸ್ ಹತ್ತಂಗಿಲ್ಲ."

ಜಗದೇವಪ್ಪನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ಅಜ್ಜ ಹೋಗ್ತಾನೆ. ಹೋದರೆ ಕೂಸು ಹೋಗ್ತದೆ. ಕಾಲು ಹಿಡಿದ. ಹಣೆ ಕಲ್ಲಿಗೆ ಬಡಿದುಕೊಂಡ, ರಕ್ತ ಬಂತು. ಅಜ್ಜನ ಕಣ್ಣಲ್ಲೂ ನೀರು ಬಂದವು, ಆದರೆ ಮಾತು ಬದಲಾಗಲಿಲ್ಲ.

ಅಲ್ಲಿಂದ ಎದ್ದವನು ನೇರ ಊರ ಹಿರಿಯ ಬಸವಂತರಾಯನ ಹತ್ತಿರ ಹೋದ.

ಬಸವಂತರಾಯ ಕೆಟ್ಟವನಲ್ಲ, ಇದನ್ನು ನೆನಪಿಡಿ. ಎಪ್ಪತ್ತು ದಾಟಿದ ಮನುಷ್ಯ. ಅಜ್ಜ ಬರುವ ಮೊದಲಿನ ಮಳೆಗಾಲದಲ್ಲಿ ಅವನ ಎರಡು ಮೊಮ್ಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಗೆ ಹೋಗಿದ್ದವು. ಶನಿವಾರ ನಸುಕಿನಲ್ಲಿ ದನದ ಕೊಟ್ಟಿಗೆಯಲ್ಲಿ ಕಂದೀಲು ಸಣ್ಣದು ಮಾಡಿ ನಾಲ್ಕು ಮಂದಿ ಕೂತರು. ಹೇಗೆ ತಡೆಯೋದು, ಬಾಗಿಲಿಗೆ ಅಡ್ಡ ಮಲಗೋದೇನು, ಕಾಲು ಕಟ್ಟೋದೇನು ಅಂತ ಮಾತು ಸುತ್ತಿ ಸುತ್ತಿ ಬಂತು. ಕಡೆಗೆ ಬಸವಂತರಾಯ ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡು, ಪಿಸುಮಾತಿನಲ್ಲಿ ಅಂದ:

"ಜೀವಂತ ಶರಣ ಎದ್ದು ನಡದು ಹೋಗ್ತಾನ. ಗದ್ದುಗಿ ಎಲ್ಲಿ ಹೋಗ್ತದ?"

ಒಂದು ಎಮ್ಮೆ ಉಸಿರು ಬಿಟ್ಟಿತು... ಹುಸ್ಸ್... ಅಷ್ಟೇ.

ಕೆಲಸ ಹಂಚಿಕೆಯಾಯಿತು. ಭಾನುವಾರ ರಾತ್ರಿ ಅಜ್ಜನಿಗೆ ರೊಟ್ಟಿ ಜೊತೆ ಒಂದು ಚರಗಿ ಹಾಲು. ಅದಕ್ಕೆ ಹಾಕಲು ಬಸವಂತರಾಯ ಒಂದು ಪುಡಿಕೆ ಕೊಡ್ತಾನೆ. ಅಜ್ಜ ನಿದ್ದೆ ಬಂದಂಗೆ ಹೋಗ್ತಾನೆ, ನೋವಾಗೋದಿಲ್ಲ. ನಸುಕಿನಲ್ಲಿ ಎಲ್ಲರೂ ಹೋಗಿ ಮರ್ಯಾದೆಯಿಂದ ಕೂಡಿಸೋದು. ತೆಗ್ಗು ಮೊದಲೇ ತಯಾರು ಬೇಕು, ಯಾಕಂದ್ರೆ ಹೊತ್ತೇರಿದರೆ ಪೊಲೀಸರು, ಸುತ್ತಲಿನ ಊರವರು ಎಲ್ಲ ಬರ್ತಾರೆ. ಆದರೆ ಅಳತೆ? ಬದುಕಿದ್ದವನ ಮುಂದೆ ಕೋಲು ಹಿಡಿದು, ಕಾಲು ಚಾಚ್ರಿ ಅಂತ ಹೇಳಲಿಕ್ಕೆ ಆಗ್ತದೇನು?

ಅಳತೆ ನೀ ತಾ ಅಂದರು ಜಗದೇವಪ್ಪನಿಗೆ.

ಅಜ್ಜ ದಿನಾ ಹೊತ್ತು ಮುಳುಗುವಾಗ ನದಿಗೆ ಇಳಿಯುತ್ತಿದ್ದ. ಅವತ್ತು ಜಗದೇವಪ್ಪ ಕತ್ತಲಾಗುವವರೆಗೆ ಜಾಲಿ ಗಿಡದ ಮರೆಯಲ್ಲಿ ಕೂತು ಆಮೇಲೆ ದಂಡೆಗೆ ಹೋದ. ಬ್ಯಾಟರಿ ಬಿಟ್ಟು ನೋಡಿದರೆ ಹಸಿ ಉಸುಕಿನಲ್ಲಿ ಒಂದೇ ಸಾಲು ಹೆಜ್ಜೆ. ನೀರಿನಿಂದ ಎದ್ದು ಮಂಟಪದ ಕಡೆ ಹೋಗಿದ್ದವು. ಬೆರಳು, ಹಿಮ್ಮಡಿ ಎಲ್ಲ ಸ್ಪಷ್ಟ. ತೊಗರಿ ಕಟ್ಟಿಗೆ ಇಟ್ಟು ಅಳೆದ. ಕಚ್ಚಿ ಸಮ ಮಾಡಿದ. ಸೊಂಟಕ್ಕೆ ಸಿಕ್ಕಿಸಿ ಆಲದ ಮರದ ದಾರಿ ಹಿಡಿದ. ಆಗ ಹಿಂದೆ ಬಂದದ್ದು ಆ ಸಪ್ಪಳ. ಥಪ್... ಥಪ್... ಊರ ಮೊದಲ ಮನೆಯ ದೀಪ ಕಂಡ ಮೇಲೆ ನಿಂತಿತು.

ಆ ಅಳತೆ ಹಿಡಿದು ಅವರು ರಾತ್ರೋರಾತ್ರಿ ಮಂಟಪದ ಆಚೆ ಬೇವಿನ ಬುಡದಲ್ಲಿ ತೆಗ್ಗು ತೋಡಿದರು. ಗುದ್ದಲಿಗೆ ಗೋಣಿ ಸುತ್ತಿದ್ದರು, ಸಪ್ಪಳ ಆಗಬಾರದಂತ.

ಭಾನುವಾರ ಸಂಜೆ ನಿಂಬೆವ್ವನಿಗೆ ಮೂರು ಸಲ ಸೆಟೆತ ಬಂತು. ಮೂರನೆಯದು ನಿಂತಾಗ ಕೂಸು ಅಳುವುದನ್ನೂ ಬಿಟ್ಟಿತ್ತು. ಅದರ ಗಂಟಲಿನಲ್ಲಿ ಮಾತ್ರ ಒಂದು ಸಪ್ಪಳ... ಗರ್ರ್... ಗರ್ರ್... ಒಣ ಬೀಸುಕಲ್ಲು ತಿರುಗಿದಂಗೆ. ಅದಕ್ಕೇ ಹಾಲು ಕಾಸುವುದು ತಡವಾಯಿತು. ಸುಭದ್ರಾಬಾಯಿಗೆ ಪುಡಿಕೆಯ ಮಾತು ಯಾರೂ ಹೇಳಿರಲಿಲ್ಲ. ಅಜ್ಜ ಹೊರಟಿದ್ದಾನೆ, ಇದು ಕಡೆಯ ಹಾಲು ಅಂತ ತಿಳಿದು ಎರಡು ಮುಷ್ಟಿ ಸಕ್ಕರೆ ಹಾಕಿದ್ದಳು.

"ಮತ್ತೊಂದ್ಸಲ ಕಾಲು ಬೀಳ್ರಿ," ಅಂದಳು. "ಕೂಸಿಂದು ಹೇಳ್ರಿ. ಇವತ್ತ ಅಪ್ಪಾ ಅಂತ ಸೈತ ಅಂದಿಲ್ಲ ಅಂತ ಹೇಳ್ರಿ."

ಅವನು ಹೂಂ ಅಂದ. ಅಂಗಳ ದಾಟಿ, ಗೋಡೆಯ ನೆರಳಿನಲ್ಲಿ ನಿಂತು, ಪುಡಿಕೆ ಬಿಚ್ಚಿ ಚರಗಿಯಲ್ಲಿ ಸುರಿದ. ಬೆರಳಿನಿಂದ ತಿರುವಿದ. ಆ ಬೆರಳನ್ನು ಮಣ್ಣಿಗೆ ಉಜ್ಜಿದ, ಮತ್ತೆ ಉಜ್ಜಿದ.

ಅಮಾಸಿಗೆ ಇನ್ನೂ ಎರಡು ದಿನ. ಕಣ್ಣಿಗೆ ಕೈ ಕಾಣದ ಕತ್ತಲೆ. ಆಲದ ಮರದ ಕೆಳಗೆ ಬಂದಾಗ ಕೇಳಿತು... ಕಿರ್ರ್... ಕಿರ್ರ್...

ಹಾಳು ಬಾವಿಯ ಗಡಗಡಿ.

ಆ ಬಾವಿಯಲ್ಲಿ ಯಾರೂ ನೀರು ಸೇದುತ್ತಿರಲಿಲ್ಲ. ಗಡಗಡಿಗೆ ಹಗ್ಗ ಇಲ್ಲದೆ ಇಪ್ಪತ್ತು ವರ್ಷ. ಒಳಗೆ ಏಳನೇ ಮೆಟ್ಟಿಲವರೆಗೆ ಕಲ್ಲುಮಣ್ಣು ತುಂಬಿಬಿಟ್ಟಿತ್ತು.

ಸಪ್ಪಳ ನಿಂತಿತು. ಬಾವಿಯ ಕಟ್ಟೆ ಮೇಲೆ ಒಬ್ಬ ಮುದುಕ ಕೂತಿದ್ದ. ಬೆಳಕಿಲ್ಲದೆ ಹೇಗೆ ಕಂಡ ಅಂತ ಕೇಳಬೇಡಿ, ಜಗದೇವಪ್ಪನಿಗೂ ಗೊತ್ತಿಲ್ಲ... ಕಂಡ. ಬೋಳು ತಲೆ. ಎಲುಬಿನ ಗೂಡು. ಮೈಮೇಲೆ ಕೂದಲಿನ ಕಂಬಳಿಯಂಥದ್ದು ಏನೋ. ಬರಿಗಾಲು.

"ಹಸಿವಿ ಆಗೇದ," ಅಂದ.

ಯಾವ ಭಾಷೆಯಲ್ಲಿ ಅಂದ ಅಂತ ಜಗದೇವಪ್ಪ ಇವತ್ತಿಗೂ ಹೇಳಲಾರ. ತಿಳಿಯಿತು, ಅಷ್ಟೇ.

"ಇದು ಮಂಟಪದ ಅಜ್ಜಗ ಒಯ್ಯಾಕತ್ತೇನ್ರಿ..."

ಮುದುಕ ಮುಖ ತಿರುವಿ ಬಲಗಿವಿ ಮುಂದೆ ಮಾಡಿದ. "ಆ ಕಿವಿ ಕೇಳಂಗಿಲ್ಲ. ಈ ಕಡಿ ಹೇಳು."

ಹೇಳುವುದರೊಳಗೆ ರೊಟ್ಟಿಯ ಗಂಟು ಅವನ ತೊಡೆಯ ಮೇಲಿತ್ತು. ಕೊಟ್ಟದ್ದು ಜಗದೇವಪ್ಪನಿಗೆ ನೆನಪಿಲ್ಲ. ಮುದುಕ ತಿಂದ. ತಿನ್ನೋದು ಅಂದರೆ... ಹಂಗ ಮನುಷ್ಯರು ತಿನ್ನೋದನ್ನ ನೋಡಿಲ್ಲ ಅಂತಾನೆ. ಉಳ್ಳಾಗಡ್ಡಿ ಕಟಂ ಅಂತ ಮುರಿಯಿತು. ಒಣರೊಟ್ಟಿ ಕರಕರ ಅಂದಿತು. ಎರಡೂ ಕೈಯಿಂದ ಬಾಯಿಗೆ ತುರುಕಿಕೊಂಡ, ಗದ್ದದ ಮೇಲೆಲ್ಲ ಚೂರು. ಇಷ್ಟೆಲ್ಲದರ ನಡುವೆ ಒಂದು ಸಪ್ಪಳ ಮಾತ್ರ ಇರಲಿಲ್ಲ. ಉಸಿರಿನದು.

ಮುಗಿಸಿ ಚರಗಿಗೆ ಕೈ ಚಾಚಿದ.

ಜಗದೇವಪ್ಪ ಚರಗಿಯನ್ನು ಎದೆಗೆ ಒತ್ತಿ ಹಿಡಿದ. ಹಾಲು ತುಳುಕಿತು. ಅಜ್ಜನಿಗೆ ಕೊಡಲು ತಯಾರಾಗಿ ಬಂದ ಕೈ, ಗುರುತಿಲ್ಲದ ಈ ಮುದುಕನಿಗೆ ಕೊಡಲು ಏಳಲಿಲ್ಲ. ನೋಡ್ರಿ ಹೆಂಗದ. ಮೂರು ವರ್ಷ ಪ್ರೀತಿ ಮಾಡಿದವನನ್ನು ಕೊಲ್ಲಲಿಕ್ಕೆ ಧೈರ್ಯ ಇತ್ತು, ಪರದೇಶಿಯನ್ನು ಕೊಲ್ಲಲಿಕ್ಕೆ ಇರಲಿಲ್ಲ.

"ಇದು ಬ್ಯಾಡ್ರಿ."

"ಯಾಕ?"

ಊರಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಕೊಟ್ಟಿಗೆಯಲ್ಲಿ ಸಹ ಅದಕ್ಕೆ ಹೆಸರು ಇಟ್ಟಿರಲಿಲ್ಲ. ಮುದುಕ ಬಲಗಿವಿಯನ್ನು ಹಾಗೇ ಹಿಡಿದು ಕಾಯುತ್ತಿದ್ದ. ಜಗದೇವಪ್ಪ ಅದರ ಹತ್ತಿರಕ್ಕೆ ಬಾಯಿ ಒಯ್ದ. ಆ ಕಿವಿಯಿಂದ ಹಸಿ ಉಸುಕಿನ ವಾಸನೆ ಬರುತ್ತಿತ್ತು.

"ವಿಷ ಅದ ಇದ್ರಾಗ. ನಾನೇ ಹಾಕೇನಿ. ಅಜ್ಜ ಹೋದ್ರ ನನ್ನ ಕೂಸು ಉಳ್ಯಂಗಿಲ್ಲ... ನಾ ಏನ್ ಮಾಡ್ಲಿ?"

ಮುದುಕ ಬೆಚ್ಚಲಿಲ್ಲ.

"ಗೊತ್ತದ. ನನಗೂ ಹಿಂಗ ಪ್ರೀತಿ ಮಾಡಿದ ಮಂದಿ ಇದ್ರು."

ಚರಗಿ ತಗೊಂಡ. ಕುಡಿದ. ಗುಟುಕ್... ಗುಟುಕ್... ಜಗದೇವಪ್ಪ ಎಣಿಸಿದ, ಹನ್ನೊಂದು. ಬಾಯಿ ಒರೆಸಿಕೊಂಡು, ಬಲಗಾಲು ಮುಂದೆ ಚಾಚಿ ಇವನ ಮೊಣಕಾಲ ಮೇಲೆ ಇಟ್ಟ. ಅದರ ಅಂಗಾಲಿಗೆಲ್ಲ ನದಿಯ ಉಸುಕು ಹತ್ತಿತ್ತು.

"ಅಳಿ."

ಸೊಂಟದಲ್ಲಿ ತೊಗರಿ ಕಟ್ಟಿಗೆ ಇನ್ನೂ ಇತ್ತು, ಬಿಸಾಡಲು ಕೈ ಬಂದಿರಲಿಲ್ಲ. ತೆಗೆದು ಇಟ್ಟ. ಹಿಮ್ಮಡಿಯಿಂದ ಹೆಬ್ಬೆರಳಿಗೆ... ಕೂದಲಷ್ಟು ಹೆಚ್ಚಿಲ್ಲ. ಕೂದಲಷ್ಟು ಕಮ್ಮಿ ಇಲ್ಲ.

"ಕೂಸಿನ್ನ ಎತ್ಕೊ," ಅಂದ ಮುದುಕ. "ಬೆಳಗಾಗೂದ್ರಾಗ."

ಎದ್ದು ಬಾವಿಯ ಮೆಟ್ಟಿಲು ಇಳಿದ. ಥಪ್... ಥಪ್... ಏಳಕ್ಕೆ ನಿಲ್ಲಬೇಕು, ಅಲ್ಲಿಂದ ಕೆಳಗೆ ಬರೀ ಕಲ್ಲುಮಣ್ಣು. ನಿಲ್ಲಲಿಲ್ಲ. ಎಂಟು. ಒಂಬತ್ತು. ಮೂವತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲೂ ಕೇಳುತ್ತಲೇ ಇತ್ತು... ದೂರ... ಇನ್ನೂ ದೂರ...

ಅವತ್ತು ಓಡಿದ. ಅದನ್ನು ಮುಚ್ಚಿಡೋದಿಲ್ಲ.

ಮಂಟಪದಲ್ಲಿ ಲಿಗೋರಿ ಅಜ್ಜ ಎಚ್ಚರವಿದ್ದ. ಜಗದೇವಪ್ಪ ಹೊಸ್ತಿಲಲ್ಲಿ ಬಿದ್ದು ಎಲ್ಲ ಹೇಳಿದ, ಹಾಲು, ಪುಡಿಕೆ, ಬೇವಿನ ಬುಡದ ತೆಗ್ಗು, ಬಾವಿಯ ಮುದುಕ. ಆ ಊರಿನಲ್ಲಿ ಕತ್ತಲಾದ ಮೇಲೆ ಅಜ್ಜ ಮಾತಾಡಿದ್ದು ಮೂರು ವರ್ಷದಲ್ಲಿ ಅದೊಂದೇ ರಾತ್ರಿ. ತೆಗ್ಗಿನ ಬಗ್ಗೆ ಕೇಳಲಿಲ್ಲ. ಪುಡಿಕೆ ಕೊಟ್ಟವರು ಯಾರು ಅಂತ ಕೇಳಲಿಲ್ಲ.

"ಯಾವ ಕಿವಿ ಕೇಳಂಗಿಲ್ಲ ಅಂದ?"

"ಎಡದ್ದರಿ."

ಅಜ್ಜ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಟೈರಿನ ಚಪ್ಪಲಿ ಮೆಟ್ಟಿ ಕಂದೀಲು ತಗೊಂಡ. ನಡಿ ಅಂದ.

ಕೂಸನ್ನು ಕೌದಿಯಲ್ಲಿ ಸುತ್ತಿ ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ಮೂರು ಮೈಲಿ ನಡೆದರು. ಮುಂದೆ ಅಜ್ಜ, ನಡುವೆ ಸುಭದ್ರಾಬಾಯಿ, ಹಿಂದೆ ಇವನು. ದಾರಿಯಲ್ಲಿ ಗರ್ರ್ ಅನ್ನೋ ಸಪ್ಪಳ ಎರಡು ಸಲ ನಿಂತಿತು. ನಿಂತಾಗೆಲ್ಲ ಸುಭದ್ರಾಬಾಯಿ ನಡು ದಾರಿಯಲ್ಲಿ ಕೂತುಬಿಡುತ್ತಿದ್ದಳು, ಮತ್ತೆ ಶುರುವಾದರೆ ಏಳುತ್ತಿದ್ದಳು. ಮಣ್ಣೂರಿನಲ್ಲಿ ಮೊದಲ ಬಸ್ಸು ಸಿಕ್ಕಿತು. ಬಸ್ಸಿನಲ್ಲಿ ಅಜ್ಜನ ತೊಡೆಯ ಮೇಲೆ ಕೂಸು. ಬೆಳಕು ಹರಿದಾಗ ಜಗದೇವಪ್ಪ ಸುಮ್ಮನೆ ಬಗ್ಗಿ, ಆ ಟೈರಿನ ಚಪ್ಪಲಿಯೊಳಗಿನ ಕಾಲಿನ ಪಕ್ಕ ತೊಗರಿ ಕಟ್ಟಿಗೆ ಇಟ್ಟು ನೋಡಿದ. ಅಜ್ಜನ ಪಾದ ಮೂರು ಬೆರಳು ಉದ್ದ ಇತ್ತು. ಕೇಳಿದ, ನದಿಗೆ ಬರಿಗಾಲಲ್ಲಿ ಇಳೀತೀರಾ ಅಂತ. ಹಿಮ್ಮಡಿ ಒಡೆದದ, ಚಪ್ಪಲಿ ತೆಗೆದದ್ದೇ ಇಲ್ಲ ಅಂದ ಅಜ್ಜ.

ಸೊಲ್ಲಾಪುರದ ಡಾಕ್ಟರು ಕೂಸಿನ ಬೆನ್ನಿನಿಂದ ನೀರು ತೆಗೆದು ನೋಡಿ, ಮೆದುಳಿನ ಜ್ವರ, ಸಂಜೆತನಕ ತಡ ಮಾಡಿದ್ದರೆ ತರುವುದೇ ಬೇಕಿರಲಿಲ್ಲ, ಈಗಲೂ ಏನೂ ಹೇಳಲಾರೆ ಅಂದರು.

ಮೂರು ರಾತ್ರಿ ಅವರು ದವಾಖಾನೆಯ ಪಡಸಾಲೆಯ ಫರಸಿ ಮೇಲೆ ಕೂತಿದ್ದರು. ಜಗದೇವಪ್ಪ ಅಜ್ಜನ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದ. ಆಗ ಅಜ್ಜ ರೊಮಾಲಪ್ಪನ ಉಳಿದ ಕತೆ ಹೇಳಿದ. ಅವನಿಗೆ ಮೊದಲು ಒಬ್ಬ ಒರಟು ಗುರು ಇದ್ದನಂತೆ, ಕೀರ್ತನೆ ಓದುವಾಗ ತಪ್ಪಿದರೆ ತಲೆಯ ಎಡಕ್ಕೆ ಕೋಲಿನಿಂದ ಹೊಡೆಯುತ್ತಿದ್ದ. ಎಷ್ಟೋ ದಿನದ ಮೇಲೆ ಶಿಷ್ಯ ಮೆಲ್ಲಗೆ, ಗುರುಗಳೇ ಇನ್ನು ಮೇಲೆ ಬಲಕ್ಕೆ ಹೊಡೀರಿ, ಎಡಗಿವಿ ಹೋಗಾಕತ್ತದ ಅಂದನಂತೆ. ಆಮೇಲೆ ಒಂದು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ. ಅಲ್ಲಿಂದ ಹೊರಡುತ್ತೇನೆ ಅಂದಾಗ ಆ ಮಂದಿ ಅತ್ತರು, ಕಾಲು ಹಿಡಿದರು, ಕಡೆಗೆ ಅವನನ್ನು ಕೊಲ್ಲುವುದು ಅಂತ ಮಾತಾಡಿಕೊಂಡರು. ಜೀವ ಹೋದರೂ ಹೆಣವಾದರೂ ತಮ್ಮಲ್ಲೇ ಉಳಿಯಲಿ, ಊರು ಕಾಯಲಿ ಅಂತ. ಅವನಿಗೆ ಅದು ತಿಳಿಯಿತು. 

"ಏನ್ ಮಾಡಿದ್ರರಿ... ರೊಮಾಲಪ್ಪನವರು?" ಅಂದ ಜಗದೇವಪ್ಪ.

ತಲೆ ಬೋಳಿಸಿಕೊಂಡ ಅಂದ ಅಜ್ಜ. ಕೊಲ್ಲುವವರು ನಸುಕಿನಲ್ಲಿ ಬಂದು ನೋಡಿದರೆ, ಉಪವಾಸದ ಸಂತ ಬಾಗಿಲು ತೆರೆದು ಕೂತು ಹುಚ್ಚನಂತೆ ಮುಕ್ಕುತ್ತಿದ್ದ. ಇವನಿಗೆ ಬುದ್ಧಿ ಕೆಟ್ಟಿದೆ, ಹುಚ್ಚನ ಎಲುಬು ನಮಗ್ಯಾಕೆ ಅಂತ ತಿರುಗಿ ಹೋದರು. ಅವನು ಬಹಳ ವರ್ಷ ಬದುಕಿದ. ಸಾಯುವ ದಿನ ಜೊತೆಗಿದ್ದ ಇಬ್ಬರು ಶಿಷ್ಯರನ್ನೂ ಹೊರಗೆ ಕಳಿಸಿ, ಬೆಳಿಗ್ಗೆ ಬರ್ರಿ ಅಂದು ಒಬ್ಬನೇ ಸತ್ತ.

"ಈ ಭಾಗ ನನಗ ಮದಲ ಯಾಕ ಹೇಳಲಿಲ್ರಿ?"

"ನಿಮ್ಮೂರಾಗ ಹೇಳಾಕ ಅಂಜಿಕಿ ಬಂತು," ಅಂದ ಅಜ್ಜ.

ನಾಲ್ಕನೇ ದಿನ ಬೆಳಿಗ್ಗೆ ನಿಂಬೆವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಸುಭದ್ರಾಬಾಯಿ ಅಜ್ಜನನ್ನು ಕರೆಯಲು ಪಡಸಾಲೆಗೆ ಬಂದರೆ ಫರಸಿ ಖಾಲಿ ಇತ್ತು. ಸ್ಟೇಷನ್ ಕಡೆ ಹೋದ ಅಂತ ಚಹಾದವನು ಹೇಳಿದ. ಆಮೇಲೆ ಅವನನ್ನು ನಮ್ಮ ಕಡೆ ಯಾರೂ ನೋಡಿಲ್ಲ.

ಇಪ್ಪತ್ತೆರಡು ದಿನದ ಮೇಲೆ ಮೂವರೂ ಊರಿಗೆ ಬಂದರು. ಜಗದೇವಪ್ಪ ಹೊಡೆತಕ್ಕೂ ಬೈಗುಳಕ್ಕೂ ತಯಾರಾಗಿ ಬಂದಿದ್ದ. ಬಸವಂತರಾಯ ಊರ ಅಗಸಿ ಬಾಗಿಲಲ್ಲಿ ಕೂತಿದ್ದವನು ಎದ್ದು ಬಂದ. ಮೊದಲು ಕೇಳಿದ್ದು ಕೂಸಿನ ಮಾತು. ಕೂಸಿನ ತಲೆ ಮುಟ್ಟಿ ನೋಡಿದ, ಗಟ್ಟಿಯಾಗಿ ಅತ್ತ. ಆಮೇಲೆ ಜಗದೇವಪ್ಪನನ್ನು ಬದಿಗೆ ಕರೆದ.

"ನೀ ಹಾಲು ಕೊಟ್ಟಿ, ನಮಗ ಗೊತ್ತದ," ಅಂದ ಪಿಸುಮಾತಿನಲ್ಲಿ. "ಆದ್ರ ಅಜ್ಜ ಸಾಯಲಿಲ್ಲ. ತಲೀಗಿ ಏರಿತ್ತು. ನಸುಕಿನ್ಯಾಗ ನಾವು ಹೋದಾಗ ಬಾಗಲ ತೆರದು ಕುಂತಿದ್ದ. ತಲಿ ಬೋಳಿಸಿಕೊಂಡಿದ್ದ, ಅಲ್ಲಲ್ಲಿ ರಕ್ತ ಬಂದಿತ್ತು. ತಿನ್ನಾಕತ್ತಿದ್ದ ನೋಡು... ದನ ತಿಂದಂಗ. ನಮ್ಮನ್ನ ನೋಡಿ ನಕ್ಕ. ತಿರಿಗಿ ಬಂದ್ವಿ. ತೆಗ್ಗು ಅವತ್ತೇ ಮುಚ್ಚಿದ್ವಿ."

"ಎಷ್ಟೊತ್ತಿನ್ಯಾಗ್ರಿ?"

"ಬೆಳ್ಳಿ ಮೂಡಿದ ಮ್ಯಾಲ. ಐದೂವರಿ, ಆರು."

ಆ ಹೊತ್ತಿಗೆ ಲಿಗೋರಿ ಅಜ್ಜ ಬಸ್ಸಿನಲ್ಲಿದ್ದ. ಕುತ್ತಿಗೆತನಕ ಬೆಳೆದ ಅವನ ಬಿಳಿ ಕೂದಲು ಗಾಳಿಗೆ ಹಾರಿ ನಿಂಬೆವ್ವನ ಮುಖದ ಮೇಲೆ ಬೀಳುತ್ತಿತ್ತು, ಸುಭದ್ರಾಬಾಯಿ ಅದನ್ನು ಸರಿಸುತ್ತ ಕೂತಿದ್ದಳು. ಕಂಡಕ್ಟರನೂ ನೋಡಿದ್ದಾನೆ. ಜಗದೇವಪ್ಪ ಬಸವಂತರಾಯನಿಗೆ ಅದನ್ನು ಹೇಳಲಿಲ್ಲ. ಆ ಹಿರಿಯ ಮುಂದಿನ ವರ್ಷ ತೀರಿಕೊಂಡ, ಹುಚ್ಚು ಹಿಡಿಸಿದ ಪಾಪ ತನ್ನದೇ ಅಂತ ತಿಳಿದುಕೊಂಡೇ ಹೋದ.

ಸಂಜೆ ಗಂಡಹೆಂಡತಿ ಮಂಟಪಕ್ಕೆ ಹೋದರು. ಪುಸ್ತಕ, ಗಂಟೆ ಇದ್ದಲ್ಲೇ ಇದ್ದವು. ಕಲ್ಲಿನ ಮೇಲೆ ಒಂದು ರೊಟ್ಟಿಯ ತುಂಡು ಬಿದ್ದಿತ್ತು, ಅಂಗೈಯಷ್ಟು. ಸುಭದ್ರಾಬಾಯಿ ಎಂಟನೇ ವರ್ಷದಿಂದ ರೊಟ್ಟಿ ಬಡಿದವಳು. ಹಿಟ್ಟು ಮೂಸಿ ಯಾವ ಹೊಲದ ಜೋಳ ಅಂತ ಹೇಳುವವಳು. ಕೈಯಲ್ಲಿ ಹಿಡಿದು ನೋಡಿದಳು. ಮೂಸಿದಳು. ನಾಲಿಗೆಗೆ ಹಚ್ಚಿದಳು. ಜೋಳ ಅಲ್ಲ. ಸಜ್ಜೆ ಅಲ್ಲ. ಗೋಧಿಯೂ ಅಲ್ಲ. ಕಪ್ಪಗೆ, ಬೆರಳಿನಷ್ಟು ದಪ್ಪ, ಹುಳಿ ವಾಸನೆ. ಇದು ನಮ್ಮ ಕಡೆ ಬೆಳೆಯೋ ಕಾಳಲ್ಲ ಅಂದಳು.

ನಾನು ಅದನ್ನು ನೋಡಿದ್ದೇನೆ. ನಂಬದವರು ನಂಬಬೇಡಿ, ನನಗೇನೂ ಆಗಬೇಕಿಲ್ಲ. ಆದದ್ದು ಆಗಿದೆ. ಹತ್ತು ವರ್ಷ ಆಯಿತು, ಆ ತುಂಡು ಜಗದೇವಪ್ಪನ ಅಡುಗೆಮನೆಯ ಗೂಡಿನಲ್ಲಿ, ಬೆಲ್ಲದ ಗಡಿಗೆಯ ಪಕ್ಕದಲ್ಲೇ ಇದೆ. ಬೆಲ್ಲಕ್ಕೆ ಇರುವೆ ಹತ್ತುತ್ತವೆ. ಇದಕ್ಕೆ ಇನ್ನೂ ಒಂದೂ ಹತ್ತಿಲ್ಲ.